ಮೂರನೆಯ ಸಲ

ಮನೆಯ ಮುಂದೆ ನಿಂತು ಹಾರ್ನ್ ಹೊಡೆಯಬಾರದು ಎಂಬುದು ಕೌಂಟಿಯ ವ್ಯಾನಿಗಿರುವ ನಿಯಮಗಳಲ್ಲಿ ಒಂದು. ಅದನ್ನು ಓಡಿಸುವ ಆರ್ಲೊ ಬ್ರೆಕ್ಕೆಗೆ ಆ ನಿಯಮ ಇಷ್ಟ. ಸುಮ್ಮನೆ ಕಾಯುವುದಕ್ಕೂ ಸಂಬಳ ಕೊಡುವ ಕೆಲಸ ಬೇರೆ ಎಲ್ಲಿದೆ ಎಂದು ಅವನು ತಮಾಷೆ ಮಾಡುವುದುಂಟು. ಮಾಡುವಾಗ ವ್ಯಾನಿನಲ್ಲಿ ಯಾರೂ ಇರುವುದಿಲ್ಲ. ಈ ಬೆಳಿಗ್ಗೆ ಮುದುಕಿ ಸೆಲ್ಮಾ ನೆಸೆಟ್ಟಳ ಮನೆಯೆದುರು ಎಂಜಿನ್ ಆರಿಸದೆ ಕೂತು, ಮೇಲಿನ ಕನ್ನಡಿಯನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು, ‘ಮಂಡಳಿಯ ಹಿರಿಯರೇ’ ಎಂದ. ಕೇಳಲು ಚೆನ್ನಾಗಿರಲಿಲ್ಲ. ಎಲ್ಲಿಯ ಹಿರಿಯರು, ಐವರಲ್ಲಿ ಇಬ್ಬರು ತನ್ನ ಜೊತೆ ಓದಿದವರು. ಅಧ್ಯಕ್ಷ ಗೇಲನ್ ಸ್ಟ್ರೊಮ್ ಅಂತೂ ಪಕ್ಕದ ಬೆಂಚಿನಲ್ಲಿ ಕೂತು ತನ್ನ ಲೆಕ್ಕ ನೋಡಿ ಬರೆದು ಪಾಸಾದವನು. ‘ನೋಡಿ, ವಿಷಯ ಏನಪ್ಪಾ ಅಂದ್ರೆ’ ಎಂದ. ಇದು ವಾಸಿ. ವಿಷಯ ಏನೆಂದರೆ, ಇವತ್ತು ಮಧ್ಯಾಹ್ನ ಲಿಂಡಾಲಿನ ಕೋರ್ಟು ಕಟ್ಟಡದಲ್ಲಿ, ಜಿಲ್ಲೆಯ ಆಡಳಿತ ನೋಡುವ ಕೌಂಟಿ ಮಂಡಳಿ ಸೇರಿ, ವೆಸ್ಟ್ರಮ್ ಪಟ್ಟಣಕ್ಕೆ ದಿನಾ ಹೋಗಿಬರುವ ವ್ಯಾನು ಇರಬೇಕೋ ಬೇಡವೋ ಎಂದು ಕೈ ಎತ್ತಿ ತೀರ್ಮಾನಿಸಲಿದೆ. ಕೌಂಟಿ ತನ್ನ ಪಾಲು ಹಾಕಿದರೆ ಮಾತ್ರ ವಾಷಿಂಗ್ಟನ್ನಿನ ಸರ್ಕಾರದ ದುಡ್ಡು ಬರುತ್ತದೆ. ಹಾಕದಿದ್ದರೆ ಎರಡೂ ಇಲ್ಲ. ಲಿಂಡಾಲಿನ ಊರೊಳಗಿನ ಸುತ್ತು ಹೇಗೂ ಉಳಿಯುತ್ತದೆ, ಆರ್ಲೊನ ಕೆಲಸಕ್ಕೆ ಏನೂ ಆಗುವುದಿಲ್ಲ. ಹೋಗುವುದು ವೆಸ್ಟ್ರಮ್ಮಿನ ದಾರಿ. ಹಲ್ಲು ಕೀಳಿಸಲು, ಕಣ್ಣು ತೋರಿಸಲು ಆಗೊಬ್ಬರು ಈಗೊಬ್ಬರು ಆ ದಾರಿಯಲ್ಲಿ ಹೋಗುತ್ತಾರೆ. ತಪ್ಪದೆ ಹೋಗುವವಳು ಸೆಲ್ಮಾ. ಅವಳ ಗಂಡ ಟಿಲ್ಮನ್ ಅಲ್ಲಿಯ ವೃದ್ಧರ ಆರೈಕೆ ಮನೆಯಲ್ಲಿದ್ದಾನೆ, ಅವಳ ಕೈಯಿಂದಲ್ಲದೆ ಊಟ ಮಾಡುವುದಿಲ್ಲ.

ಬಾಗಿಲು ತೆರೆಯಿತು. ಸೆಲ್ಮಾ ಬೀಗವನ್ನು ಬೆರಳಿನಿಂದ ತಡವಿ ನೋಡಿ, ಕೈಚೀಲವನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದಳು. ಅವಳ ನೋಟದ ನಟ್ಟನಡುವೆ ಕತ್ತಲೆ, ಅಂಚಿನಲ್ಲಿ ಮಾತ್ರ ಬೆಳಕು. ಯಾರನ್ನಾದರೂ ನೋಡಬೇಕಾದರೆ ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸುತ್ತಾಳೆ, ಗೊತ್ತಿಲ್ಲದವರಿಗೆ ಮುನಿಸಿಕೊಂಡಿದ್ದಾಳೆ ಅನ್ನಿಸುತ್ತದೆ. ಇವತ್ತು ಚರ್ಚಿಗೆ ಹಾಕುವ ನೀಲಿ ಕೋಟು ಹಾಕಿದ್ದಳು. ಅದನ್ನು ಕಂಡು ಆರ್ಲೊ ಕನ್ನಡಿಯನ್ನು ಮೊದಲಿನಂತೆ ತಿರುಗಿಸಿಟ್ಟ. ಅದು ತನ್ನ ಮಾತಿಗೆ ಕಟ್ಟುಬಿದ್ದು ಹಾಕಿಕೊಂಡ ಕೋಟು. ಪ್ರಯಾಣಿಕರು ಒಬ್ಬರಾದರೂ ಮಂಡಳಿಯೆದುರು ಬಂದು ಬಾಯಿಬಿಟ್ಟು ಹೇಳಬೇಕು ಎಂದು ವ್ಯಾನಿನ ಆಫೀಸು ನಡೆಸುವ ಜನೆಲ್ ಹೇಳಿದಾಗ, ಸೆಲ್ಮಾಳ ಹೆಸರು ಹೇಳಿದವನು ಅವನೇ. ಅವಳ ಅಗತ್ಯ ಎಲ್ಲರಿಗಿಂತ ದೊಡ್ಡದು ಎಂದು ಕಾರಣ ಕೊಟ್ಟಿದ್ದ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಆ ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡು, ಸೆಲ್ಮಾ ಮೈಕಿನ ಮುಂದೆ ನಿಂತು ‘ನಮ್ಮ ಆರ್ಲೊ ಇಲ್ಲದಿದ್ರೆ ನನ್ನ ಗತಿ ಏನಾಗ್ತಿತ್ತೋ’ ಎನ್ನುವುದನ್ನೂ, ಗೇಲನ್ ತಲೆಯೆತ್ತಿ ತನ್ನ ಕಡೆ ನೋಡುವುದನ್ನೂ ಮತ್ತೆ ಮತ್ತೆ ಕಲ್ಪಿಸಿಕೊಂಡಿದ್ದ. ಅರವತ್ತು ಸಮೀಪಿಸಿದ ಗಂಡಸು, ಮದುವೆಯಿಲ್ಲ ಮಕ್ಕಳಿಲ್ಲ, ಕತ್ತಲಲ್ಲಿ ಮಲಗಿ ತನ್ನ ಹೊಗಳಿಕೆಯನ್ನು ತಾನೇ ಬರೆದುಕೊಳ್ಳುವುದು. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವಳನ್ನು ಕೈಹಿಡಿದು ಹತ್ತಿಸಿ, ಬೆಲ್ಟು ಹಾಕಿ, ಹೆದ್ದಾರಿ ಸೇರುವ ಹೊತ್ತಿಗೆ ಸೆಲ್ಮಾ ಚೀಲದಿಂದ ಫ್ಲಾಸ್ಕು ತೆಗೆದಿದ್ದಳು. “ಕಾಫಿ ತಗೋ ಆರ್ಲೊ.”

“ಬೇಡ ಮಿಸೆಸ್ ನೆಸೆಟ್, ಈಗಷ್ಟೇ ಕುಡಿದು ಬಂದೆ.”

“ಒಂದು ಗುಟುಕು.”

“ಅಯ್ಯೋ, ನಿಮಗಿರ್ಲಿ ಬಿಡಿ.”

“ನಾನೊಬ್ಳೇ ಎಷ್ಟಂತ ಕುಡೀಲೋ. ಚೆಲ್ಲೋದಾಗತ್ತೆ.”

“ಚೆಲ್ಲೋದಾದ್ರೆ ಒಂಚೂರು ಕೊಡಿ.”

ಅವನು ಕಾಫಿ ಕುಡಿದಿರಲಿಲ್ಲ. ಅವಳು ತರುತ್ತಾಳೆಂದೇ ಮನೆಯಲ್ಲಿ ಕಾಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು, ಅದು ಅವಳಿಗೂ ಗೊತ್ತಿತ್ತು. ನಾರ್ವೆಯಿಂದ ಬಂದ ಅಜ್ಜಂದಿರು ಅಮೆರಿಕದ ಈ ಬಯಲಿಗೆ ಗೋಧಿಯ ಜೊತೆ ಇದನ್ನೂ ತಂದರೇನೋ: ಏನು ಕೊಟ್ಟರೂ ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲಕ್ಕೆ ಕೈ ಚಾಚಬೇಕು. ಮೊದಲ ಸಲಕ್ಕೇ ಹೂಂ ಎಂದವನು ಆಸೆಬುರುಕ. ಮೂರನೆಯ ಸಲವೂ ಬೇಡ ಎಂದವನಿಗೆ ಸೊಕ್ಕು. ಕೇಳುವವರ ಲೆಕ್ಕವೂ ಇಷ್ಟೇ. ಎರಡು ಸಲ ಕೇಳಿ ಸುಮ್ಮನಾದರೆ ಕೊಡಲು ಮನಸ್ಸಿರಲಿಲ್ಲ ಎಂದೇ ಅರ್ಥ. ಯಾರೂ ಇದನ್ನು ಯಾರಿಗೂ ಹೇಳಿಕೊಟ್ಟದ್ದಿಲ್ಲ. ಆರ್ಲೊನ ತಾಯಿ, ಪಕ್ಕದ ಮನೆಯವರು ತಂದಿಟ್ಟ ಕೇಕಿನ ಎದುರು ಕೈಕಟ್ಟಿ ಕೂತು, ಎರಡನೆಯ ಬೇಡ ಆದಮೇಲೆ ಬರುವ ಆ ಚಿಕ್ಕ ಮೌನದಲ್ಲಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದುದು ಅವನಿಗೆ ಚೆನ್ನಾಗಿ ನೆನಪಿದೆ. ಅಷ್ಟು ದೊಡ್ಡ ಹೆಂಗಸು, ಅಷ್ಟು ಸಣ್ಣದಕ್ಕೆ. ಈಗ ಎದುರಿನಿಂದ ಸಕ್ಕರೆ ಬೀಟ್ ಗೆಡ್ಡೆ ಹೇರಿಕೊಂಡ ಲಾರಿ ಧೂಳೆಬ್ಬಿಸುತ್ತ ಬಂತು, ಲೋಟದ ಕಾಫಿ ತುಳುಕಿ ಅವನ ಮಣಿಕಟ್ಟಿನ ಮೇಲೆ ಬಿತ್ತು. ಈ ಲಾರಿಗಳೇ ರಸ್ತೆಗಳನ್ನು ಕುಟ್ಟಿ ಹಾಳುಮಾಡುವುದು, ವ್ಯಾನಿನ ದುಡ್ಡಿನಲ್ಲಿ ರಸ್ತೆಗೆ ಜಲ್ಲಿ ಹಾಕಿಸಬೇಕು ಎಂಬುದೇ ಮಂಡಳಿಯ ವಾದ. ಜಲ್ಲಿಗೆ ಕೇಳುವವರು ಬಹಳ ಜನ, ಮತ್ತು ಅವರಿಗೆ ಕೇಳಲು ಬರುತ್ತದೆ.

“ಇವತ್ತು ಏನು ಹೇಳ್ಬೇಕು ಅಂತ ನೆನಪಿದೆ ಅಲ್ವಾ?” ಎಂದ.

“ವ್ಯಾನು ಬೇಕು ಅನ್ಬೇಕು.”

“ಅಷ್ಟೇ. ಬೇಕು ಅಂದ್ರೆ ಸಾಕು.”

“ನಾಚ್ಕೆ ಆಗತ್ತೆ ಕಣೋ. ಊರವರ ಮುಂದೆ ಬೇಕು ಬೇಕು ಅಂತ.” ಕಿಟಕಿಯ ಕಡೆ ಮುಖಮಾಡಿ, “ಟಿಲ್ಮನ್ ವಿಷಯ ಮಾತ್ರ ಅಲ್ಲಿ ಎತ್ಬೇಡ. ಚಮಚದಲ್ಲಿ ತಿನ್ನಿಸ್ಬೇಕು ಅಂತ ಗೇಲನ್ ಎದುರಿಗೆ ಅನ್ನಿಸ್ಕೊಳ್ಳೋದು ಬೇಡ ಅವರು. ಗೇಲನ್ ಅಪ್ಪಂಗೆ ಬೀಜದ ಗೋಧಿ ಕೊಟ್ಟ ಕೈ ಅದು,” ಎಂದಳು.

“ಎತ್ತಲ್ಲ,” ಎಂದ ಆರ್ಲೊ. ಹಾಗೆ ಹೇಳುವಾಗಲೇ, ತಾನು ಬೆಳಗಿನಿಂದ ಹೊಂದಿಸಿಕೊಂಡಿದ್ದ ಮಾತಿನಲ್ಲಿ ಅದೊಂದನ್ನು ತೆಗೆದರೆ ಏನೂ ಉಳಿಯುವುದಿಲ್ಲ ಎಂದು ಹೊಳೆಯಿತು. ಹೇಳಬೇಕಾಗಿತ್ತು. ಅದಿಲ್ಲದೆ ಆಗಲ್ಲ ಮಿಸೆಸ್ ನೆಸೆಟ್ ಎನ್ನಬೇಕಾಗಿತ್ತು. ಆದರೆ ಬಿಸಿ ಕಾಫಿ ಕೈಯಲ್ಲಿತ್ತು, ಅವಳು ಕೊಟ್ಟದ್ದು, ಅದನ್ನು ಹಿಡಿದುಕೊಂಡು ಅವಳಿಗೆ ಎದುರು ಹೇಳುವುದು ಹೇಗೆ. ಇಂಥ ದಾಕ್ಷಿಣ್ಯದಲ್ಲೇ ತನ್ನ ಇಡೀ ಜೀವಮಾನ ಮುಗಿಯಿತು ಎಂದುಕೊಂಡ, ಹಾಗೆ ಅಂದುಕೊಂಡದ್ದರಿಂದ ಸ್ವಲ್ಪ ಸಮಾಧಾನವೂ ಆಯಿತು.

ಆರೈಕೆ ಮನೆಯ ಊಟದ ಕೋಣೆಯಲ್ಲಿ ಟಿಲ್ಮನ್ ನೆಸೆಟ್ ಕಿಟಕಿಯ ಪಕ್ಕ ಕೂತಿದ್ದ. ಹೆಗಲು ಈಗಲೂ ಅಗಲ, ಅಂಗಿ ಮಾತ್ರ ಯಾರದೋ. ಆರ್ಲೊ ಒಳಗೆ ಹೋಗಬೇಕಾದ್ದಿಲ್ಲ. ಬಾಗಿಲವರೆಗೆ ಬಿಡುವುದಷ್ಟೇ ಅವನ ಕೆಲಸ, ಮಿಕ್ಕ ಹೊತ್ತು ವ್ಯಾನಿನಲ್ಲಿ ಕೂತಿರಬಹುದು. ಆದರೂ ದಿನಾ ಹೋಗಿ ಗೋಡೆಗೊರಗಿ ನಿಲ್ಲುತ್ತಾನೆ. ಯಾರೂ ಕೂರು ಎನ್ನುವುದಿಲ್ಲ, ಯಾಕೆ ನಿಂತೆ ಎಂದೂ ಕೇಳುವುದಿಲ್ಲ. ಆರೈಕೆಯ ಕೆಲಸಕ್ಕೆ ಹೊಸದಾಗಿ ಸೇರಿದ ಟೆಕ್ಸಾಸಿನ ಹುಡುಗಿ ತಟ್ಟೆ ಹಿಡಿದು ಬಂದು, ಸೆಲ್ಮಾ ಇನ್ನೂ ಕೋಟು ಬಿಚ್ಚುತ್ತಿರುವಾಗಲೇ ಚಮಚವನ್ನು ಮುದುಕನ ಬಾಯಿಯ ಹತ್ತಿರ ಹಿಡಿದಳು. ಅವನು ಮುಖ ತಿರುಗಿಸಿದ. “ಬೇಡ್ವಾ ತಾತಾ? ಸರಿ ಹಾಗಾದ್ರೆ,” ಎಂದು ಪ್ರೀತಿಯಿಂದಲೇ ಹೇಳಿ ತಟ್ಟೆ ಎತ್ತಿಕೊಂಡಳು. ಕೆಟ್ಟ ಹುಡುಗಿಯಲ್ಲ. ಅವಳ ಊರಿನಲ್ಲಿ ಬೇಡ ಎಂದರೆ ಬೇಡ. ಸೆಲ್ಮಾ ಮೆತ್ತಗೆ ತಟ್ಟೆ ಇಸಿದುಕೊಂಡು ಪಕ್ಕದಲ್ಲಿ ಕೂತಳು. ಹಿಸುಕಿದ ಆಲೂಗಡ್ಡೆಯನ್ನು ಚಮಚದಲ್ಲಿ ತೆಗೆದು, “ತಗೊಳ್ಳಿ,” ಎಂದಳು. ಅವನು ತಲೆಯಾಡಿಸಿದ. “ಒಂಚೂರು,” ಎಂದಳು. ಅವನು ಕೈ ಅಡ್ಡ ಹಿಡಿದ. ಹೆಂಡತಿಯ ಹೆಸರು ಹೋಗಿದೆ, ಹೊಲ ಹೋಗಿದೆ, ಸತ್ತ ಮಗನ ನೆನಪೂ ಪುಣ್ಯಕ್ಕೆ ಹೋಗಿದೆ. ಇದೊಂದು ಎಲ್ಲಿ ಅಂಟಿಕೊಂಡು ಉಳಿಯಿತೋ. “ಚೆಲ್ಲೋದಾಗತ್ತೆ,” ಎಂದಳು ಸೆಲ್ಮಾ. ಅವನು ಬಾಯಿ ತೆರೆದ. ಹೀಗೆ ಪ್ರತಿ ತುತ್ತಿಗೂ. ತಟ್ಟೆ ಬರಿದಾಗುವ ಹೊತ್ತಿಗೆ ಉಳಿದವರೆಲ್ಲ ಎದ್ದು ಹೋಗಿ, ಕೋಣೆಯ ದೀಪ ಅರ್ಧ ಆರಿಸಿರುತ್ತಾರೆ. ಮೂರು ಸಲ ಕೇಳಿ ಎಂದು ಸೆಲ್ಮಾ ಹುಡುಗಿಯರಿಗೆ ಹೇಳಿ ನೋಡಿದ್ದಾಳೆ. ಅವರು ನಕ್ಕು ಹೂಂ ಎನ್ನುತ್ತಾರೆ. ಪಾಪ, ಒಬ್ಬೊಬ್ಬಳು ಎಷ್ಟು ಜನರನ್ನಂತ ನೋಡಬೇಕು. ಶನಿವಾರ ಭಾನುವಾರ ವ್ಯಾನಿಲ್ಲ. ಸೋಮವಾರ ಅವನ ಕೆನ್ನೆ ಒಳಗಿಳಿದಿರುವುದನ್ನು ಸೆಲ್ಮಾ ಕಣ್ಣಿನಿಂದ ನೋಡಲಾರಳು, ಬೆರಳಿನಿಂದ ಮುಟ್ಟಿ ತಿಳಿದುಕೊಳ್ಳುತ್ತಾಳೆ. ಶನಿವಾರ ಭಾನುವಾರ ಆರ್ಲೊ ಏನು ಮಾಡುತ್ತಾನೆ? ಬಟ್ಟೆ ಒಗೆಯುತ್ತಾನೆ. ಟಿವಿಯೆದುರು ಕೂತು ನಿದ್ದೆಹೋಗುತ್ತಾನೆ. ಆ ಯೋಚನೆ ಬಂದಾಗಲೆಲ್ಲ ಅವನು ಗೋಡೆಯ ಮೇಲಿನ ಚಿತ್ರ ನೋಡುತ್ತಾನೆ.

ಸಭೆಯ ಕೋಣೆ ಬಿಸಿಯಾಗಿತ್ತು. ಮಂಡಳಿಯವರು ಉದ್ದ ಮೇಜಿನ ಹಿಂದೆ, ಬಂದವರು ಮಡಚುವ ಕುರ್ಚಿಗಳಲ್ಲಿ. ಜನೆಲ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಚುರುಕಾಗಿ ಮಾತಾಡಿದಳು. ಅವಳು ದೂರದ ಡೆನ್ವರ್ ನಗರದಿಂದ ಬಂದವಳು, ಬೇಕಾದ್ದನ್ನು ಬೇಕು ಎಂದೇ ಕೇಳುವವಳು. ಮಂಡಳಿಯವರು ಅವಳು ಮಾತಾಡುವಾಗೆಲ್ಲ ತಮ್ಮ ಪೆನ್ನುಗಳನ್ನು ನೋಡಿಕೊಳ್ಳುತ್ತಿದ್ದರು. ಆಮೇಲೆ ಹಳ್ಳಿಯ ಕಡೆಯ ರೈತನೊಬ್ಬ ಎದ್ದು ಜಲ್ಲಿಯ ಬಗ್ಗೆ ಮಾತಾಡಿದ, ಅದು ಎಲ್ಲರಿಗೂ ಅರ್ಥವಾಯಿತು. ಆರ್ಲೊ ಟೊಪ್ಪಿಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಅದರ ಅಂಚನ್ನು ತಿರುಗಿಸುತ್ತಿದ್ದ. ಪಕ್ಕದಲ್ಲಿ ಸೆಲ್ಮಾಳ ನೀಲಿ ಕೋಟಿನಿಂದ ಕರ್ಪೂರದ ಗುಳಿಗೆಯ ವಾಸನೆ, ಅದರಡಿಯಲ್ಲಿ ಆರೈಕೆ ಮನೆಯ ಆಲೂಗಡ್ಡೆಯ ವಾಸನೆ. ಗೇಲನ್ ಸ್ಟ್ರೊಮ್ ಕನ್ನಡಕ ತೆಗೆದು ಮುಂದೆ ಬಾಗಿದ. ಅವನ ದನಿಯಲ್ಲಿ ಮರ್ಯಾದೆಯಿತ್ತು. ಚಿಕ್ಕಂದಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಅವನಿಗೂ ಆರ್ಲೊನಿಗೂ ಬೈಬಲ್ ಕತೆ ಹೇಳಿಕೊಟ್ಟವಳು ಸೆಲ್ಮಾ.

“ಮಿಸೆಸ್ ನೆಸೆಟ್, ನೀವು ಬಂದದ್ದು ತುಂಬಾ ಸಂತೋಷ. ವೆಸ್ಟ್ರಮ್ಮಿಗೆ ಹೋಗೋ ವ್ಯಾನು ನಿಮಗೆ ಬೇಕೇ ಬೇಕಾ?”

ಸೆಲ್ಮಾ ಎದ್ದು ನಿಂತಳು. ಅವನನ್ನು ನೋಡಲೆಂದು ಮುಖವನ್ನು ಪಕ್ಕಕ್ಕೆ ತಿರುಗಿಸಿದಳು. “ಅಯ್ಯೋ, ನನಗೋಸ್ಕರ ಅಂತ ಏನೂ ಮಾಡೋದು ಬೇಡಪ್ಪ,” ಎಂದಳು.

ಆರ್ಲೊನ ಕೈಯಲ್ಲಿ ಟೊಪ್ಪಿಗೆ ನಿಂತಿತು. ಪರವಾಗಿಲ್ಲ, ಇದು ಒಂದನೆಯದು.

“ಹಾಗಲ್ಲ, ವ್ಯಾನು ನಿಂತ್ರೆ ನಿಮಗೆ ಕಷ್ಟ ಆಗಲ್ವಾ?” ಗೇಲನ್ ಇನ್ನೂ ಮೆತ್ತಗೆ ಕೇಳಿದ.

“ಹೇಗೋ ಆಗತ್ತೆ ಬಿಡು. ಎಲ್ಲರಿಗೂ ಅವರವರ ಕಷ್ಟ ಇದ್ದೇ ಇರತ್ತೆ.”

ಎರಡು. ಕೋಣೆಯಲ್ಲಿ ಆ ಚಿಕ್ಕ ಮೌನ ಬಂತು. ಸೆಲ್ಮಾ ಕೂರಲಿಲ್ಲ. ಕೈಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಯನ್ನು ಸ್ವಲ್ಪವೇ ತೆರೆದು, ನಿಂತೇ ಇದ್ದಳು. ಆ ಬೇಕು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದು ಕೂತಿರುವುದು ಆರ್ಲೊನಿಗೆ ಕಣ್ಣಿಗೆ ಕಂಡಷ್ಟು ಸ್ಪಷ್ಟವಾಗಿತ್ತು. ಇನ್ನೊಂದು ಸಲ, ಇನ್ನೊಂದೇ ಸಲ. ಗೇಲನ್ ಕನ್ನಡಕ ಹಾಕಿಕೊಂಡ. “ತುಂಬಾ ದೊಡ್ಡ ಮನಸ್ಸು ನಿಮ್ಮದು ಮಿಸೆಸ್ ನೆಸೆಟ್,” ಎಂದ. ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಕುರ್ಚಿಯನ್ನು ಕೈಯಿಂದ ತಡವಿ ಕೂತಳು. ಹಿಂದಿನ ಸಾಲಿನಿಂದ ಜನೆಲ್ ಬಾಗಿ, “ಯಾಕೆ ಹಾಗಂದ್ರು? ಅವರಿಗೆ ಬೇಡ್ವಾ?” ಎಂದು ಆರ್ಲೊನ ಕಿವಿಯಲ್ಲಿ ಪಿಸುಗುಟ್ಟಿದಳು. ಅಷ್ಟರಲ್ಲಿ ಗೇಲನ್, “ಆರ್ಲೊ, ದಿನಾ ಗಾಡಿ ಓಡಿಸೋನು ನೀನು. ಏನಾದ್ರೂ ಹೇಳ್ತೀಯಾ?” ಎಂದ.

ಹೇಳುವುದಿತ್ತು. ನೋಡಿ, ವಿಷಯ ಏನಪ್ಪಾ ಅಂದ್ರೆ. ಎಲ್ಲರೂ ತನ್ನ ಕಡೆ ತಿರುಗಿದ್ದರು, ಹಾಸಿಗೆಯಲ್ಲಿ ಕಲ್ಪಿಸಿಕೊಂಡ ಹಾಗೆಯೇ ತಿರುಗಿದ್ದರು. “ಏನಿಲ್ಲ ಬಿಡಪ್ಪ, ಪರವಾಗಿಲ್ಲ,” ಎಂಬ ಮಾತು ಅವನ ಬಾಯಿಂದ ತಾನಾಗಿ ಬಂತು, ಆಕಳಿಕೆ ಬರುವ ಹಾಗೆ. ಬಂದಮೇಲೆ ಅವನು ಎರಡನೆಯ ಸಲಕ್ಕಾಗಿ ಕಾಯುತ್ತ ಗೇಲನ್ನನ ಮುಖವನ್ನೇ ನೋಡಿದ. ಗೇಲನ್ ಮೇಜಿನ ಮೇಲಿನ ಕಾಗದ ನೋಡುತ್ತಿದ್ದ. ಮೂರು ಕೈಗಳು ಜಲ್ಲಿಯ ಕಡೆ ಎದ್ದವು, ಎರಡು ಏಳಲಿಲ್ಲ. ಮುಗಿಯಿತು. ಕುರ್ಚಿ ಮಡಚುವ ಸದ್ದು ಶುರುವಾಯಿತು.

ಸೆಲ್ಮಾಳನ್ನು ವ್ಯಾನಿನಲ್ಲಿ ಕೂರಿಸಿ, ಟೊಪ್ಪಿಗೆ ಮರೆತೆ ಎಂದು ಸುಳ್ಳು ಹೇಳಿ ಆರ್ಲೊ ತಿರುಗಿ ಬಂದ. ಟೊಪ್ಪಿಗೆ ತಲೆಯ ಮೇಲೇ ಇತ್ತು. ಗೇಲನ್ ಓಣಿಯ ಕೊನೆಯಲ್ಲಿ ನಲ್ಲಿಗೆ ಬಾಗಿ ನೀರು ಕುಡಿಯುತ್ತಿದ್ದ. “ಅವರಿಗೆ ಬೇಕಿತ್ತು,” ಎಂದ ಆರ್ಲೊ. ದನಿ ಹುಡುಗನದಾಗಿ ಕೇಳಿಸಿತು. “ಇನ್ನೊಂದು ಸಲ ಕೇಳಿದ್ರೆ ಹೂಂ ಅಂತಿದ್ರು.”

ಗೇಲನ್ ಬಾಯಿ ಒರೆಸಿಕೊಂಡ. “ನನಗೆ ಗೊತ್ತಿಲ್ವೇನೋ? ನಾನೇನು ಡೆನ್ವರಿಂದ ಬಂದೋನಾ? ನಮ್ಮಮ್ಮನೂ ಹೀಗೇ ಇದ್ಳು.”

“ಮತ್ತೆ ಯಾಕೆ ಕೇಳ್ಲಿಲ್ಲ?”

“ಹೂಂ ಅಂತಿದ್ರು ಅಂತಲೇ.” ಅವನು ಆರ್ಲೊನ ಕಡೆ ನೋಡದೆ ಕೋಟಿನ ಗುಂಡಿ ಹಾಕಿಕೊಂಡ. “ಅವರ ಬಾಯಲ್ಲಿ ಬೇಕು ಅನ್ನಿಸಿ, ಆಮೇಲೆ ನಾನು ಜಲ್ಲಿಗೆ ಕೈ ಎತ್ತೋದು ಹೇಗೋ? ಆ ಹಳ್ಳಿ ರಸ್ತೇಲಿ ಆಂಬುಲೆನ್ಸ್ ಹೂತ್ಕೊಂಡಿತ್ತು ಹೋದ್ವರ್ಷ, ಅದರಲ್ಲಿದ್ದೋರೂ ಜನಾನೇ ಅಲ್ವಾ.” ಎರಡು ಹೆಜ್ಜೆ ಹೋಗಿ ನಿಂತು, “ನೀನು ಹೇಳ್ತೀಯ ಅಂದ್ಕೊಂಡಿದ್ದೆ,” ಎಂದ. ಬೈದಿದ್ದರೆ ಚೆನ್ನಾಗಿತ್ತು.

ವ್ಯಾನಿನಲ್ಲಿ ಸೆಲ್ಮಾ ಬೆಲ್ಟು ಬಿಗಿದುಕೊಂಡು ನೆಟ್ಟಗೆ ಕೂತಿದ್ದಳು. ಹೊರಗೆ ಬೆಳಕು ಇಳಿಯುತ್ತಿತ್ತು. ಆರ್ಲೊ ಕೀಲಿ ಹಾಕಿ ತಿರುಗಿಸದೆ ಕೂತ. “ಟೊಪ್ಪಿಗೆ ಸಿಕ್ತಾ?” ಎಂದಳು. ಸಿಕ್ಕಿತು ಎಂದ. “ಗೇಲನ್ ಎಷ್ಟು ಮರ್ಯಾದೆಯಿಂದ ಕೇಳ್ದ ನೋಡು. ಒಳ್ಳೆ ಹುಡುಗ, ಮೊದ್ಲಿಂದ್ಲೂ. ಮುಂದಿನ ಸಭೇಲಿ ಮತ್ತೆ ಕೇಳ್ತಾನೆ ಅಲ್ವಾ? ಆಗ ನಾಚ್ಕೆ ಬಿಟ್ಟು ಹೂಂ ಅಂತೀನಿ.”

“ಮುಂದಿನ ಸಭೆ ಇಲ್ಲ ಮಿಸೆಸ್ ನೆಸೆಟ್. ಕೈ ಎತ್ತಾಯ್ತು. ಈ ತಿಂಗಳ ಕೊನೆಗೆ ವ್ಯಾನು ನಿಲ್ಲತ್ತೆ.”

ಕೈ ಎತ್ತಿದ್ದು ಅವಳಿಗೆ ಕಂಡಿರಲಿಲ್ಲ. ಅವಳು ಕೈಚೀಲದ ಹಿತ್ತಾಳೆ ಕೊಂಡಿಯನ್ನು ತೆರೆದಳು, ಮುಚ್ಚಿದಳು. “ಅವರನ್ನ ಮೂರು ಸಲ ಯಾರು ಕೇಳ್ತಾರೆ ಹಾಗಾದ್ರೆ,” ಎಂದಳು, ಆರ್ಲೊನಿಗಲ್ಲ.

ಇಷ್ಟು ಹೊತ್ತು ಯಾವುದಕ್ಕೆ ಕಾಯುತ್ತಿದ್ದೆನೋ ಅದು ಇದೇ ಎಂದು ಅವನಿಗೆ ಒಮ್ಮೆಲೆ ಅನ್ನಿಸಿತು. “ನಾನು ಕರ್ಕೊಂಡು ಹೋಗ್ತೀನಿ,” ಎಂದ. “ನಾಲ್ಕಕ್ಕೆಲ್ಲ ನನ್ನ ಕೆಲಸ ಮುಗಿಯತ್ತೆ. ನನ್ನ ಗಾಡೀಲಿ ಹೋಗೋಣ, ರಾತ್ರಿ ಊಟದ ಹೊತ್ತಿಗೆ. ಶನಿವಾರ ಭಾನುವಾರಾನೂ.”

“ಛೆ, ಬೇಡಪ್ಪ. ದಿನಾ ದುಡಿದು ದಣಿದಿರ್ತೀಯ.”

“ನನಗೇನು ಕೆಲಸ ಇದೆ ಮನೇಲಿ? ಹೋಗೋಣ.”

“ಬೇಡ ಕಣೋ. ಪೆಟ್ರೋಲು ಎಷ್ಟು ಸುಡತ್ತೆ. ಬಿಡು.”

ಮತ್ತೆ ಅದೇ ಮೌನ. ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿ ತನ್ನ ಕಣ್ಣಿನ ಅಂಚಿನ ಬೆಳಕಿನಲ್ಲಿ ಅವನನ್ನು ಹಿಡಿದು ಕೂತಿದ್ದಳು, ತುಟಿ ಸ್ವಲ್ಪವೇ ತೆರೆದಿತ್ತು. ಒಂದು ಮಾತು. ಏನು ಬೇಕಾದರೂ ಆಗುತ್ತಿತ್ತು, ಸುಮ್ಮನಿರಿ ಬನ್ನಿ ಎಂದಿದ್ದರೂ ಆಗುತ್ತಿತ್ತು. ಅವನಿಗೆ ಮುಂದಿನ ತಿಂಗಳ ಮೊದಲ ಸಂಜೆ ಕಾಣಿಸಿತು, ಅದರ ಮರುದಿನದ್ದು, ಹಿಮ ಬಿದ್ದ ಡಿಸೆಂಬರಿನ ರಸ್ತೆ, ಪ್ರತಿ ತುತ್ತಿಗೂ ಮೂರು ಸಲ, ಗೋಡೆಗೊರಗಿ ನಿಂತ ತಾನು, ಮುದುಕ ಸಾಯುವವರೆಗೆ ಅಥವಾ ಮುದುಕಿ ಸಾಯುವವರೆಗೆ. ಕತ್ತಲಾಗುವ ಮುಂಚೆ ಬಾಗಿಲು ಹಾಕಿಕೊಂಡು ಬೂಟು ಬಿಚ್ಚಿ ಕೂರುವ ತನ್ನ ಕುರ್ಚಿಯೂ ಕಾಣಿಸಿತು, ಯಾರಿಗೂ ಬೇಡವಾದ ಆ ಸಂಜೆಗಳು, ಅವು ತನ್ನವು. ಜೀವಮಾನವಿಡೀ ಯಾರಾದರೂ ತನ್ನನ್ನು ಬೇಕು ಎನ್ನಲಿ ಎಂದು ಕಾದವನು ತಾನಲ್ಲವೇ ಎಂದು ಕೇಳಿಕೊಂಡ. ಕೇಳಿದರೆ ಅವಳು ಹೂಂ ಎನ್ನುತ್ತಾಳೆ, ಅದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅವನು ಕೀಲಿ ತಿರುಗಿಸಿದ. ಎಂಜಿನ್ ಶುರುವಾಯಿತು. ಸೆಲ್ಮಾ ಇನ್ನೂ ಸ್ವಲ್ಪ ದೂರದವರೆಗೆ ಮುಖವನ್ನು ಹಾಗೆಯೇ ಅವನ ಕಡೆ ಇಟ್ಟುಕೊಂಡಿದ್ದಳು. ಊರ ಕೊನೆಯ ದೀಪ ದಾಟಿದ ಮೇಲೆ ರಸ್ತೆಯ ಕಡೆ ತಿರುಗಿ, “ನಾಳೆ ಎಂದಿನ ಹೊತ್ತಿಗೇ ತಾನೆ?” ಎಂದು ಕೇಳಿದಳು.

“ಎಂದಿನ ಹೊತ್ತಿಗೇ,” ಎಂದ ಆರ್ಲೊ.